ಹೊಕ್ಕುಳ ಸುತ್ತ ಮೂರು ಬರೆ

ಪೊಲೀಸು ದಫೇದಾರ್ ದೊಡ್ಡೀರಪ್ಪ ಒಂದು ಸಲ ಕಂಡ ಮುಖವನ್ನು ಮರೆತವನೇ ಅಲ್ಲ. ತಾನು ಭೂಮಿಗೆ ಬಿದ್ದ ಗಳಿಗೆಯಲ್ಲಿ ಹೊಕ್ಕುಳು ಕೊಯ್ದ ಸೂಲಗಿತ್ತಿಯನ್ನು, ಮೀಸೆ ಬಂದು ಆ ಮೀಸೆ ನರೆತ ಮೇಲೆ, ಚಳ್ಳಕೆರೆ ಸಂತೆಯಲ್ಲಿ, ಅದೂ ಬೆನ್ನ ಹಿಂದಿನಿಂದ ಗುರುತು ಹಿಡಿದು, ‘ಸೊಟ್ಟಗೆ ಕೊಯ್ದವಳು ನೀನೇ ಅಲ್ವೇನಮ್ಮಾ’ ಎಂದು ತಡೆದು ನಿಲ್ಲಿಸಿದ್ದ. ಮುದುಕಿ ತಪ್ಪೊಪ್ಪಿಕೊಂಡು, ಒಂದು ಸೇರು ಮಂಡಕ್ಕಿ ಕೊಟ್ಟು ರಾಜಿಯಾದಳು. ನಂಬದವರು ಆ ಮುದುಕಿಯನ್ನೇ ಕೇಳಬಹುದು. ತೀರಿಕೊಂಡಿದ್ದಾಳೆ, ಅದು ಬೇರೆ ಮಾತು.

ಇದು ನಾಡಿಗೆಲ್ಲ ಗೊತ್ತಿರುವ ಸಂಗತಿ. ನಾಡಿಗೆ ಗೊತ್ತಾದದ್ದು ದಫೇದಾರನೇ ಹೇಳಿದ್ದರಿಂದ.

ಅಂಥವನ ಮುಂದೆ ಈಗ ಇಬ್ಬರು ಓಬಯ್ಯರು ಕೂತಿದ್ದರು.

ಸಿದ್ದಾಪುರದ ಚಾವಡಿ. ಬ್ರಹ್ಮಗಿರಿಯ ಬಂಡೆಗಳು ಬೆಳಗಿನಿಂದ ಕುಡಿದ ಬಿಸಿಲನ್ನು ಹಾಗೇ ಊರ ಮೇಲೆ ಉಗುಳುತ್ತಿದ್ದವು. ಮೊಳಕಾಲ್ಮೂರಿನ ಡಿಪ್ಟಿ ಅಮಲ್ದಾರ್ ಮುರುಗೇಂದ್ರಪ್ಪನವರು ರುಮಾಲು ತೆಗೆದಿಟ್ಟು, ಬೋಳು ತಲೆಯಲ್ಲಿ ಗೋಡೆಗೆ ಒರಗಿದ್ದರು. ಅವರ ಪಕ್ಕದಲ್ಲಿ ಪಟೇಲ ಸೂರಪ್ಪ, ಸಾಹೇಬರು ಬಂದಿದ್ದಾರೆಂದು ಮದುವೆಯ ಜರಿ ರುಮಾಲು ಸುತ್ತಿಕೊಂಡು ಬೆವರುತ್ತಿದ್ದ.

ದಫೇದಾರ ಒಳಗೆ ಬಂದವನೇ ಕಾಲು ಜೋಡಿಸಿ, ಚಾವಡಿಯ ಜಂತೆಯಿಂದ ಮಣ್ಣುದುರುವಂಥ ಸಲಾಮು ಹೊಡೆದ. ಪಟೇಲ ಸೂರಪ್ಪನಿಗೆ.

ಸೂರಪ್ಪ ಖುಷಿಯಾಗಿ ಸಲಾಮು ತಿರುಗಿಸಿದ. ಡಿಪ್ಟಿ ಅಮಲ್ದಾರರು ಮಾತಿಗೆ ಮೊದಲು ಒಮ್ಮೆ ಕೆಮ್ಮುವವರು. ಕೆಮ್ಮಿದರು. ಆ ಕೆಮ್ಮು ಕೇಳಿದ್ದೇ ದಫೇದಾರ ಗರಕ್ಕನೆ ತಿರುಗಿ ಇನ್ನೊಂದು ಸಲಾಮು ಹೊಡೆದ. ಬಿಸಿಲಿನಿಂದ ನೆರಳಿಗೆ ಬಂದ ಕಣ್ಣು, ಯಾರಿಗಾದರೂ ಆಗುತ್ತದೆ. ಮುರುಗೇಂದ್ರಪ್ಪನವರು ಮಾತ್ರ ಅವನನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡಿದರು.

ಸಂಗತಿ ಇಷ್ಟು. ದನ ಮೇಯುವ ಉಳ್ಳಾರ್ತಿ ಕಾವಲಿನ ಅಂಚಿನ ಹಟ್ಟಿಯ ಓಬಯ್ಯ ಕೂಲಿ ಕರಾರಿಗೆ ಹೆಬ್ಬೆಟ್ಟೊತ್ತಿ ಕಡಲಾಚೆಯ ನೆಟಾಲ್ ಸೀಮೆಯ ಕಬ್ಬಿನ ತೋಟಕ್ಕೆ ಹೋಗಿ, ಕರಾರು ತೀರಿಸಿ, ಅಲ್ಲೇ ಮನೆ ಮಾಡಿ, ಅವ್ವನನ್ನು ನೋಡಲು ಊರಿಗೆ ಬಂದಿದ್ದ. ಅವನು ಮತ್ತೆ ನೆಟಾಲಿಗೆ ಇಳಿಯಲು ಅಲ್ಲಿನ ಸರ್ಕಾರ ಕೊಟ್ಟ ಗುರುತಿನ ಚೀಟಿ, ಬಳ್ಳಾರಿ ಸ್ಟೇಷನ್ನಿನಲ್ಲಿ ತಗಡಿನ ಟ್ರಂಕಿನ ಸಮೇತ ಕಳುವಾಗಿತ್ತು.

ಆ ಹಳೇ ಚೀಟಿಯಲ್ಲಿ ಹೆಬ್ಬೆಟ್ಟಿನ ಗುರುತು ಇರಲಿಲ್ಲ. ಮೈಮೇಲಿನ ಗುರುತು ಮಾತ್ರ: ಹೊಕ್ಕುಳ ಸುತ್ತ ಸುಟ್ಟ ಬರೆ, ಮೂರು. ಈಗ ಕಾಲ ಬದಲಾಗಿ, ಹೊಸ ಚೀಟಿ ಬೇಕಾದರೆ ಊರಿನ ಅಧಿಕಾರಿಯ ಮುಂದೆ ಸಾಕ್ಷಿ ಹೇಳಿಸಿ, ಮೈಗುರುತು ಬರೆಸಿ, ಹೆಬ್ಬೆಟ್ಟು ಒತ್ತಿ ಮದರಾಸಿನ ಹಡಗಿನ ಕಚೇರಿಗೆ ಕಳಿಸಬೇಕು. ಯಾರ ಹೆಬ್ಬೆಟ್ಟು ಮೊದಲು ಬೀಳುತ್ತದೋ, ಅವನೇ ಇನ್ನು ಸಾಯುವತನಕ ಓಬಯ್ಯ. ಉಳಿದವನು ಯಾರೂ ಅಲ್ಲ.

ಹೆಬ್ಬೆಟ್ಟು ಚಳ್ಳಕೆರೆಯಲ್ಲಿ ಆಗಲೇ ಬಿದ್ದಿತ್ತು. ಹೋದ ವಾರ ಕುಚ್ಚಿನ ಕರಿ ಕಂಬಳಿ ಹೊದ್ದ ಒಬ್ಬ ಮನುಷ್ಯ ಎಡಗಾಲು ಎಳೆದುಕೊಂಡು ಅಲ್ಲಿನ ಕಚೇರಿಯ ಮೆಟ್ಟಿಲು ಹತ್ತಿ, ‘ನಾನು ಓಬಯ್ಯ, ಚೀಟಿ ಕಳಕೊಂಡೀನಿ’ ಎಂದಿದ್ದ. ಅಮಲ್ದಾರರು ಸಾಕ್ಷಿ ಯಾರೆಂದು ಕೇಳುವುದಕ್ಕೂ ದಫೇದಾರ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಇವನನ್ನು ನಾನು ಕಾಣೆನೇ, ಕಾವಲಿನಲ್ಲಿ ಇವನ ಜೊತೆ ಹೋರಿ ಬೆನ್ನಟ್ಟಿದವನು ನಾನು, ಇವನು ದೇಶ ಬಿಟ್ಟು ಹೋಗುವಾಗ ಬಳ್ಳಾರಿ ರೈಲಿಗೆ ಹತ್ತಿಸಿ ಕಣ್ಣೀರು ಹಾಕಿದವನೂ ನಾನೇ ಎಂದು ಅವನು ಹೇಳಿದ ಮೇಲೆ, ಅಮಲ್ದಾರರಿಗೇ ಓಬಯ್ಯ ಹಳೇ ನೆಂಟನಂತೆ ಕಂಡ. ಆದರೂ ಸಿದ್ದಾಪುರದ ತವರಿನಲ್ಲಿದ್ದ ಅವನ ತಾಯಿಯನ್ನು ಒಂದು ಮಾತು ಕೇಳಿ ಬಾ ಎಂದರು. ಕಾಲು ನೋವೆಂದು ಆ ಮನುಷ್ಯ ಜೊತೆಗೆ ಬರಲಿಲ್ಲ. ದಫೇದಾರ ಒಬ್ಬನೇ ಸಿದ್ದಾಪುರಕ್ಕೆ ಬಂದು, ಅಂಗಳದಲ್ಲಿ ನಿಂತೇ ಕೇಳಿದ್ದ: ‘ಬೋರಕ್ಕಾ, ಚಳ್ಳಕೆರೆಗೆ ಬಂದಿರೋನು ನಿನ್ನ ಮಗನೇ ತಾನೇ?’

ಬೋರಕ್ಕ ‘ಹೂಂ’ ಎಂದಿದ್ದಳು.

ಮುಗಿಯಿತು. ಹೆಬ್ಬೆಟ್ಟು ಒತ್ತಿಸಿ, ಲಕೋಟೆಗೆ ಅರಗು ಹಾಕಿ, ಟಪ್ಪಾಲಿಗೆ ಸೇರಿಸೆಂದು ಅಮಲ್ದಾರರು ದಫೇದಾರನ ಕೈಗೇ ಕೊಟ್ಟರು. ಅದಾಗಿ ಸಂತೆ ಕಳೆಯುವಷ್ಟರಲ್ಲಿ ಮೊಳಕಾಲ್ಮೂರಿನ ಕಚೇರಿಗೆ ಇನ್ನೊಬ್ಬ ಬಂದು, ‘ನಾನು ಓಬಯ್ಯ, ಚೀಟಿ ಕಳಕೊಂಡೀನಿ’ ಎಂದ.

ಮುರುಗೇಂದ್ರಪ್ಪನವರು ಚಳ್ಳಕೆರೆಗೆ ಹೇಳಿ ಕಳಿಸಿದರು: ನಿಮ್ಮ ಓಬಯ್ಯನನ್ನು ಕರೆತನ್ನಿ, ಎದುರುಬದುರು ಕೂರಿಸೋಣ.

ದಫೇದಾರ ನೇರ ಛತ್ರಕ್ಕೆ ಹೋದ. ಅವನ ಮನುಷ್ಯ ಅಲ್ಲೇ ಇಳಿದುಕೊಂಡಿದ್ದ. ಮೂಲೆಯಲ್ಲಿ ಅದೇ ಕರಿ ಕಂಬಳಿ, ತುದಿಗೆ ಕೆಂಪು ದಾರದ ಕುಚ್ಚು, ಅದರೊಳಗೆ ಮಲಗಿದ್ದ. ‘ಏಳು ಓಬಯ್ಯಾ, ನಡಿ’ ಎಂದ ದಫೇದಾರ. ಎದ್ದ. ಬಾಗಿಲಲ್ಲೇ ನಿಂತಿದ್ದ ಗಾಡಿ ಹತ್ತಿದ.

ದಾರಿಯಲ್ಲಿ ಗಾಲಿಯ ಕಡಾಣಿ ಕಳಚಿತು. ಕಂಬಳಿಯವನು ಪುಣಕ್ಕನೆ ನೆಲಕ್ಕೆ ಹಾರಿ, ಓಡಿಹೋಗಿ ಗಾಲಿಗೆ ಹೆಗಲು ಕೊಟ್ಟ. ದಫೇದಾರನ ಎದೆಯಲ್ಲಿ ಏನೋ ಚುರುಕ್ಕೆಂದಿತು. ಬಿಸಿಲು ಎಂದುಕೊಂಡ. ಅಲ್ಲಿಯತನಕ ಅವನು ಗಾಡಿಯವನಿಗೆ, ಬ್ರಹ್ಮಗಿರಿ ಬಂಡೆಯ ಅಕ್ಷರ ಓದಲು ಬಂದ ದೊರೆಗೆ ಅಕ್ಷರ ಯಾವ ಕಡೆಯಿಂದ ಶುರುವೆಂದು ತೋರಿಸಿಕೊಟ್ಟದ್ದು ತಾನೇ ಎಂಬ ಕಥೆ ಹೇಳುತ್ತಿದ್ದ. ಕಡಾಣಿ ಹಾಕಿದ ಮೇಲೆ ಕಥೆ ಮುಂದುವರಿಯಲಿಲ್ಲ. ದೊರೆ ಬಂಡೆಯ ಮುಂದೆ ಹಾಗೇ ನಿಂತುಬಿಟ್ಟ.

ಹೀಗೆ ಈ ಚಾವಡಿ.

ಮೊದಲು ಮೊಳಕಾಲ್ಮೂರಿಗೆ ಬಂದವನನ್ನು ಮಾತಾಡಿಸಿದರು. ಅವನ ದನಿಯಲ್ಲಿ ಏರಿಳಿತ ಇರಲಿಲ್ಲ. ಬಳ್ಳಾರಿಯಲ್ಲಿ ನೀರು ಕುಡಿಯಲು ಹೋಗಿದ್ದೆ, ಬರುವಷ್ಟರಲ್ಲಿ ಟ್ರಂಕು ಇರಲಿಲ್ಲ ಎಂದ. ಹಟ್ಟಿಗೆ ಹೋದರೆ ಹಟ್ಟಿಯೇ ಇರಲಿಲ್ಲ. ಪ್ಲೇಗಿನಲ್ಲಿ ಅಪ್ಪ, ಅಣ್ಣಂದಿರು, ಅತ್ತಿಗೆಯರು, ಎಲ್ಲರೂ ಹೋಗಿದ್ದರು. ಉಳಿದ ನಾಲ್ಕು ಮನೆಯವರು ಯಾವ ಸೀಮೆಗೆ ಚದುರಿದರೋ ಯಾರಿಗೂ ತಿಳಿಯದು. ಅವ್ವ ತವರು ಸೇರಿದ್ದಾಳೆಂದು ದಾರಿಹೋಕರು ಹೇಳಿದ ಮೇಲೆ ಸಿದ್ದಾಪುರಕ್ಕೆ ಬಂದ. ಇದನ್ನೆಲ್ಲ ಅವನು ಯಾರೋ ಪರಸ್ಥಳದವರ ಸುದ್ದಿಯ ಹಾಗೆ ಹೇಳಿದ.

“ಅವ್ವ ನಿನ್ನ ಗುರುತು ಹಿಡಿದಳಾ?” ಎಂದರು ಮುರುಗೇಂದ್ರಪ್ಪ.

“ಊಟಕ್ಕಿಕ್ತಾಳೆ. ಮಲಗಾಕೆ ಚಾಪೆ ಕೊಡ್ತಾಳೆ. ಹೆಸರಿಡಿದು ಕರೆದಿಲ್ಲ.”

“ಚೀಟಿ ಸಿಗದಿದ್ರೆ ಏನಾಗುತ್ತೆ?”

“ಅಲ್ಲಿ ಕೊಲ್ಲಾಪುರಮ್ಮ ಅಂತ ನನ್ನ ಹೆಂಡ್ತಿ ಐದಾಳೆ. ಒಬ್ಬಳು ಮಗಳು. ಚೀಟಿ ಇಲ್ದೋರನ್ನ ಹಡಗಿಂದ ಇಳಿಯಾಕೆ ಬಿಡಲ್ಲ, ಅದೇ ಹಡಗಿನಾಗೆ ತಿರುಗಿ ಕಳಿಸ್ತಾರೆ.” ಅವನು ತನ್ನ ಅಂಗೈ ನೋಡಿಕೊಂಡ. “ಇಲ್ಲೂ ಯಾರಿಲ್ಲ. ಅಲ್ಲೂ ಬಿಡಲ್ಲ.”

ದಫೇದಾರ ನಕ್ಕ. ಅಳದೆ ಹೇಳುವ ದುಃಖವನ್ನು ನಂಬಬಾರದೆಂದು ಅವನು ಪೊಲೀಸು ಸೇರಿದ ದಿನವೇ ಕಲಿತಿದ್ದ. ತನ್ನವನ ಕಡೆ ಕೈ ತೋರಿಸಿ, ಇವನು ನೋಡಿ, ಒಂದು ಮಾತೂ ಆಡಲ್ಲ, ಸತ್ಯಕ್ಕೆ ಮಾತು ಯಾಕೆ ಬೇಕು ಎಂದ. ನಿಜವೇ. ಕುಚ್ಚಿನ ಕಂಬಳಿಯವನು ಬೆಳಗಿನಿಂದ ಬಾಯಿ ಬಿಟ್ಟಿರಲಿಲ್ಲ. ಹೆಸರು, ಊರು, ಕುಲ, ಏನು ಕೇಳಿದರೂ ದಫೇದಾರನೇ ಉತ್ತರ ಕೊಟ್ಟಾಗಿತ್ತು.

ಮುರುಗೇಂದ್ರಪ್ಪನವರು ಕೆಮ್ಮಿ, “ಬೋರಕ್ಕ ಜಗಲಿ ಮೇಲೆ ಕೂತಿದ್ದಾಳೆ, ಇನ್ನೊಂದು ಸಲ ಕೇಳು ಹೋಗು. ನಾನಿಲ್ಲಿಂದ ಕೇಳಿಸ್ಕೊಳ್ತೀನಿ” ಎಂದರು.

ಬೋರಕ್ಕ ಕಂಬಕ್ಕೆ ಒರಗಿ ರಾಗಿ ಕೇರುತ್ತಿದ್ದಳು. ಮೊರದಲ್ಲಿ ರಾಗಿ ಮುಗಿದು ಬಹಳ ಹೊತ್ತಾಗಿತ್ತು. ಕೈ ಮಾತ್ರ ಕೇರುತ್ತಲೇ ಇತ್ತು.

“ಬೋರಕ್ಕಾ, ಚಳ್ಳಕೆರೆಯಿಂದ ನಾನು ಕರಕಂಬಂದೋನು ನಿನ್ನ ಮಗ, ಹೌದಲ್ವಾ?”

“ಹೂಂ.”

ದಫೇದಾರ ಮೀಸೆಯ ಎರಡೂ ತುದಿ ತಿರುವಿದ. ಒಳಗಿನಿಂದ ಡಿಪ್ಟಿ ಅಮಲ್ದಾರರ ದನಿ ಬಂತು: “ಮೊಳಕಾಲ್ಮೂರಿಗೆ ಬಂದೋನು ನಿನ್ನ ಮಗ, ಹೌದೇನಮ್ಮಾ?”

“ಹೂಂ.”

“ಪಟೇಲ ಸೂರಪ್ಪ ನಿನ್ನ ಮಗನಾ?”

“ಹೂಂ.”

ಒಳಗೆ ಯಾರೋ ಕಿಸಕ್ಕೆಂದರು. ದಫೇದಾರ ಮೀಸೆ ಬಿಟ್ಟ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ದನಿ ಇಳಿಸಿ, ಹೀಗ್ಯಾಕೆ ಎಲ್ಲಕ್ಕೂ ಹೂಂ ಅಂತೀಯವ್ವ ಎಂದು ಕೇಳಿದ. ಅವಳು ಅವನ ಕಡೆ ನೋಡಿದಳು. ಕಣ್ಣು ಒಣಗಿದ ಕೆರೆಯ ಹಾಗಿತ್ತು. ಬಿರುಕು ಉಂಟು, ಕೆಸರೂ ಇಲ್ಲ.

“ಇಲ್ಲ ಅಂದ್ರೆ ಇನ್ನೊಂದು ಕೇಳ್ತಾರಪ್ಪ. ಹೂಂ ಅಂದ್ರೆ ಎದ್ದು ಹೋಗ್ತಾರೆ.”

ಸುಳ್ಳಲ್ಲ. ಹೋದ ವಾರ ಅವನೂ ಹಾಗೇ ಹೊರಟುಹೋಗಿದ್ದ.

ಒಳಕ್ಕೆ ಕರೆ ಬಂತು. ದಫೇದಾರ ಹೊಸ್ತಿಲು ದಾಟಿದವನು ಅಲ್ಲೇ ನಿಂತ.

ಗೋಡೆಗೆ ಬೆನ್ನು ಕೊಟ್ಟು ಇಬ್ಬರು ಬರಿಮೈಯಲ್ಲಿ ನಿಂತಿದ್ದರು. ಕಂಬಳಿ ಇಲ್ಲ, ರುಮಾಲು ಇಲ್ಲ, ಅಂಗಿ ಇಲ್ಲ. ಒಂದೊಂದು ಚಲ್ಲಣ ಅಷ್ಟೆ. ಒಂದೇ ಎತ್ತರ, ಒಂದೇ ಕಪ್ಪು. ಇಬ್ಬರ ಹೊಕ್ಕುಳ ಸುತ್ತಲೂ ಹುಣಸೆಬೀಜದಷ್ಟು ದಪ್ಪನೆ ಹಳೇ ಸುಟ್ಟ ಗುರುತು. ಮೇಲೊಂದು, ಕೆಳಗೆರಡು.

“ಇಬ್ಬರಿಗೂ ಮೂರು ಮೂರು ಬರೆ” ಎಂದರು ಮುರುಗೇಂದ್ರಪ್ಪ. “ಅದಕ್ಕೇ ನಿನ್ನ ಕಣ್ಣನ್ನ ಕೇಳ್ತಾ ಇದೀನಿ ದಫೇದಾರ್. ಲೋ, ನೀವಿಬ್ಬರೂ ಅಲ್ಲಾಡಬೇಡಿ, ಬಾಯಿ ಬಿಡಬೇಡಿ. ಒಂದು ಸಲ ನೋಡಿದ ಮುಖ ಮರೆಯಲ್ಲವಂತೆ. ಇಡೀ ಹಗಲು ನಿನ್ನ ಜೊತೆ ಗಾಡಿಯಲ್ಲಿ ಬಂದೋನು ಇವರಲ್ಲಿ ಯಾರು? ಮುಟ್ಟಿ ತೋರಿಸು.”

ಬಾಗಿಲಲ್ಲಿ ಊರ ಗಂಡಸರು ಇಣುಕಿದರು.

ದಫೇದಾರ ಮುಂದೆ ಹೋದ. ಎಡಗಡೆಯವನನ್ನು ನೋಡಿದ. ಮೂಗು ಇತ್ತು, ಬಾಯಿ ಇತ್ತು, ಎರಡು ಕಣ್ಣಿದ್ದವು. ಬಲಗಡೆಯವನನ್ನು ನೋಡಿದ. ಅವೇ ಸಾಮಾನುಗಳು ಅಲ್ಲೂ ಇದ್ದವು. ಕಂಬಳಿಗಾಗಿ ಕಣ್ಣಲ್ಲೇ ಹುಡುಕಿದ. ಅದು ಮಡಿಚಿಕೊಂಡು ಡಿಪ್ಟಿ ಅಮಲ್ದಾರರ ಪಕ್ಕದಲ್ಲಿ ಕೂತಿತ್ತು.

ಉಳ್ಳಾರ್ತಿ ಕಾವಲಿನ ಸಾವಿರ ದನಗಳಲ್ಲಿ ಕಳುವಾದ ಕರುವನ್ನು ಅದರ ಅಜ್ಜಿಯ ಮುಖಚಹರೆಯಿಂದ ಪತ್ತೆ ಹಚ್ಚಿದ್ದ ವೀರ, ಬಲಗಡೆಯವನ ಹೆಗಲ ಮೇಲೆ ಕೈ ಇಟ್ಟು, “ಇವನೇ ನನ್ನ ಓಬಯ್ಯ” ಎಂದ.

ಯಾರೂ ನಗಲಿಲ್ಲ. ಅದೇ ಕೆಟ್ಟದ್ದಾಗಿತ್ತು.

“ಅವನು ಮೊಳಕಾಲ್ಮೂರಿಗೆ ಬಂದೋನು ಕಣಯ್ಯಾ” ಎಂದರು ಮುರುಗೇಂದ್ರಪ್ಪ, ಮೆಲ್ಲಗೆ.

ದಫೇದಾರ ಆ ಹೆಗಲಿನಿಂದ ಕೈ ತೆಗೆಯುವುದನ್ನೂ ಮರೆತ. ಮುಖ ಹೇಗಾದರೂ ಇರಲಿ ಸ್ವಾಮಿ, ಬರೆ ಇದೆಯಲ್ಲ, ಇಬ್ಬರಲ್ಲಿ ಒಬ್ಬ ಮೊನ್ನೆ ಮೊನ್ನೆ ಸುಟ್ಟುಕೊಂಡ ಕಳ್ಳ, ಅದನ್ನು ಪತ್ತೆ ಮಾಡಿದರೆ ಆಯ್ತು ಎಂದು ಇನ್ನೊಂದು ದಾರಿ ಹಿಡಿದ. ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಬೋರಕ್ಕ ಖಾಲಿ ಮೊರ ಹಿಡಿದು ಬಂದು ನಿಂತಿದ್ದಳು. ಹತ್ತಿರ ಹೋಗಿ, ಬಗ್ಗಿ, ಒಬ್ಬನ ಹೊಟ್ಟೆ ಮುಟ್ಟಿದಳು. ಮತ್ತೊಬ್ಬನದನ್ನೂ ಮುಟ್ಟಿದಳು.

“ಹಳೇವೇ. ಎರಡೂ ನನ್ನ ಕೈಯವೇ” ಎಂದಳು. “ಕೂಸಿಗೆ ಹೊಟ್ಟೆ ಉಬ್ಬಿದ್ರೆ ಬಳೆಚೂರು ಕಾಸಿ ಮೂರು ಕಡೆ ಮುಟ್ಟಿಸ್ತಿದ್ದೆ. ಹಟ್ಟಿಯಾಗೂ ನಾನೇ, ಕಾವಲು ಸುತ್ತಿನ ಊರಿಗೂ ನಾನೇ. ಬಾಣಂತನಕ್ಕೆ ತವರಿಗೆ ಬಂದಾಗ ಇಲ್ಲಿ ಕೂಸುಗಳಿಗೂ ಹಾಕೀನಿ. ಸೂರಪ್ಪಂಗೂ ಐತೆ, ನೋಡ್ರಿ.”

ಪಟೇಲ ಸೂರಪ್ಪ ಜರಿ ರುಮಾಲು ಸರಿಮಾಡಿಕೊಳ್ಳುವ ಬದಲು ಅಂಗಿಯ ಗುಂಡಿ ಬಿಗಿಮಾಡಿಕೊಂಡ. ಬಾಗಿಲಲ್ಲಿ ಗುಂಪು ಕೂಡಿದ್ದ ಗಂಡಸರ ಕೈಗಳು ಒಂದೊಂದಾಗಿ ತಂತಮ್ಮ ಹೊಟ್ಟೆಯ ಮೇಲೆ ಹೋದವು. ‘ಏಮಪ್ಪಾ, ಹಾಗಾದ್ರೆ ನಾವೆಲ್ಲಾ ಓಬಯ್ಯನೋರೇ’ ಎಂದ ಒಬ್ಬ. ಕಡಲಾಚೆಯ ಸರ್ಕಾರ ಒಬ್ಬನ ಗುರುತೆಂದು ಬರೆದುಕೊಂಡದ್ದು, ಈ ಸೀಮೆಯ ಅರ್ಧ ಗಂಡಸರ ಗುರುತಾಗಿತ್ತು.

“ಹಾಗಾದ್ರೆ ಇವರಲ್ಲಿ ನಿನ್ನ ಮಗ ಯಾರವ್ವ?” ಮುರುಗೇಂದ್ರಪ್ಪನವರು ಈ ಸಲ ಹೂಂ ಎನ್ನಲು ಬಾರದ ಹಾಗೆ ಕೇಳಿದರು.

ಬೋರಕ್ಕ ಮೊರವನ್ನು ನೆಲಕ್ಕಿಟ್ಟಳು. ಮೊಳಕಾಲ್ಮೂರಿಗೆ ಬಂದವನು ಅವಳನ್ನೇ ನೋಡುತ್ತಿದ್ದ.

“ಪ್ಲೇಗಿನಾಗೆ ಸತ್ತೋರಿಗೆ ಮಣ್ಣು ಹಾಕೋವಾಗ ಎಲ್ಲಾರ ಹೆಸರೂ ಹೇಳಿ ಹಾಕಿದೆ” ಎಂದಳು. “ದೂರ ಹೋದೋನ ಹೆಸರೂ ಸೇರಿಸಿದೆ. ತಿರುಗಿ ಹೊರಗೆ ತೆಗೆಯಾಕೆ ಆಗ್ತಾ ಇಲ್ಲ.”

ಮೊರ ಎತ್ತಿಕೊಂಡು ಜಗಲಿಗೆ ಹೋದಳು. ಮತ್ತೆ ಕೇರುವ ಸದ್ದು ಬಂತು. ಮೊಳಕಾಲ್ಮೂರಿಗೆ ಬಂದವನು ನೋಡುವುದನ್ನು ನಿಲ್ಲಿಸಿ ಗೋಡೆಯ ಬುಡದಲ್ಲಿ ಕೂತ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಇಂಥದ್ದು ಇದೆಯೆಂದು ಮೊದಲೇ ತಿಳಿದು ಬಂದವನ ಹಾಗಿದ್ದ.

ಡಿಪ್ಟಿ ಅಮಲ್ದಾರರು ಕುಚ್ಚಿನ ಕಂಬಳಿ ಎತ್ತಿ ಎಡಗಡೆಯವನ ಮುಂದೆ ಹಿಡಿದರು. “ನಿನ್ನ ಹೆಸರೇನಪ್ಪಾ?”

“ಪಾತಣ್ಣ, ಬುದ್ಧಿ.”

ದಫೇದಾರ ಕಣ್ಣು ಮುಚ್ಚಿಕೊಂಡ.

“ಓಬಯ್ಯ ಅಲ್ವಾ?”

“ಅಲ್ಲ ಬುದ್ಧಿ. ಕಾವಲಿನಾಗೆ ಹುಲ್ಲು ಕೊಯ್ತೀನಿ. ಛತ್ರದಾಗೆ ಒಬ್ಬ ಈ ಕಂಬಳಿ ಸುಮ್ಮನೆ ಕೊಟ್ಟ. ನಾನು ಹೋಗೋ ಸೀಮೆಗೆ ಕಂಬಳಿ ಬೇಕಿಲ್ಲ ಅಂದ.”

“ಮತ್ತೆ ಬೆಳಗಿನಿಂದ ಹೇಳೋಕೇನಾಗಿತ್ತು?”

“ಪೊಲೀಸಪ್ಪ ನಡಿ ಅಂದ್ರು, ಬಂದೆ. ಹೆಸರು ಯಾರೂ ನನ್ನ ಕೇಳ್ಲಿಲ್ಲ.”

ಮುರುಗೇಂದ್ರಪ್ಪನವರು ಈಗ ದಫೇದಾರನ ಕಡೆ ತಿರುಗಿದರು. ಕೆಮ್ಮಲಿಲ್ಲ. ದೊಡ್ಡೀರಪ್ಪ ತನ್ನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದಿಲ್ಲದೆ ಅವನು ಗಿಡ್ಡನೆಯ, ವಯಸ್ಸಾದ ಮನುಷ್ಯನಾಗಿದ್ದ.

“ಮುಖ ನನಗೆ ತಿಳಿಯಲ್ಲ ಸ್ವಾಮಿ” ಎಂದ. “ಹುಟ್ಟಿದಾಗಿಂದ. ಎಲ್ಲಾ ಒಂದೇ ಥರ ಕಾಣ್ತವೆ. ನನ್ನ ಹೆಂಡ್ತೀನ ಬಳೆ ಸದ್ದಿನ ಮೇಲೆ ಹಿಡೀತೀನಿ. ನಿಮ್ಮನ್ನ ಕೆಮ್ಮಿನ ಮೇಲೆ. ಮಿಕ್ಕೋರನ್ನ ಬಟ್ಟೆ ಮೇಲೆ, ನಡಿಗೆ ಮೇಲೆ. ಅದು ಹೊರಗೆ ಬೀಳಬಾರದು ಅಂತ ಇಷ್ಟು ದೊಡ್ಡ ಬಾಯಿ ಮಾಡ್ಕಂಡೆ. ಓಬಯ್ಯನ್ನ ನಾನು ಕಂಡೇ ಇಲ್ಲ. ಹೋರೀನೂ ಬೆನ್ನಟ್ಟಿಲ್ಲ.”

“ಹೆಬ್ಬೆಟ್ಟು ಒತ್ತಿದೋನು ಯಾರು?”

“ಎಡಗಾಲು ಎಳೀತಿದ್ದ ಸ್ವಾಮಿ. ನಡಿಗೆ ನಾನು ಮರೆಯಲ್ಲ. ಈ ಪಾತಣ್ಣ ಗಾಡಿಯಿಂದ ಹಾರಿದಾಗಲೇ ಗೊತ್ತಾಯ್ತು, ಇವನು ಅವನಲ್ಲ ಅಂತ. ಬಾಯಿ ಮುಚ್ಕಂಡೆ.”

ಗೋಡೆಯ ಬುಡದಲ್ಲಿ ಕೂತವನು ತಲೆ ಎತ್ತದೆ ಮಾತಾಡಿದ. “ಎಡಗಾಲಾ?”

“ಹೂಂ.”

“ಹಡಗಿನಾಗೆ ನನ್ನ ಪಕ್ಕದಾಗೇ ಮಲಗ್ತಿದ್ದ. ನಮ್ಮ ಸೀಮೆಯೋನೇ. ಬಳ್ಳಾರಿಯಾಗೆ ಟ್ರಂಕು ಹೋದಾಗ್ಲೂ ಜೊತೆಗಿದ್ದ. ಬ್ಯಾಸರಕ್ಕೆ ಎಲ್ಲಾ ಹೇಳಿದ್ದೆ. ಮನೆ ಎಲ್ಲೈತೆ, ಹೊಕ್ಕುಳ ಬರೆ, ಮಗಳ ಹೆಸರು.” ಸ್ವಲ್ಪ ತಡೆದು, ಅದೇ ಸಪ್ಪೆ ದನಿಯಲ್ಲಿ ಸೇರಿಸಿದ: “ಅವಳು ನನ್ನ ನೋಡಿದ್ದಕ್ಕಿಂತ ತೋಟಕ್ಕೆ ಹೋಗೋ ನನ್ನ ಬೆನ್ನು ನೋಡಿದ್ದೇ ಹೆಚ್ಚು. ಸಣ್ಣವಳು.”

ಪಟೇಲ ಸೂರಪ್ಪ ಮೊದಲ ಬಾರಿಗೆ ಉಪಯೋಗದ ಮಾತಾಡಿದ. ಟಪ್ಪಾಲು ದುರ್ಗದ ಮೇಲೆ ಹೋಗುತ್ತದೆ, ಹೊಳಲ್ಕೆರೆ ಕಡೆ ಸುತ್ತುತ್ತದೆ, ಮದರಾಸು ಮುಟ್ಟಲು ದಿನ ಹಿಡಿಯುತ್ತದೆ ಎಂದ. ಮುರುಗೇಂದ್ರಪ್ಪನವರು ಎದ್ದೇಬಿಟ್ಟರು. ಬಳ್ಳಾರಿಗೆ ಸವಾರನನ್ನು ಓಡಿಸಿದರೆ ಅಲ್ಲಿಂದ ತಂತಿ ಕೊಡಬಹುದು, ಲಕೋಟೆ ಒಡೆಯದೆ ತಡೆಹಿಡಿಯಿರಿ ಎಂದರೆ ಸಾಕು, ಹೆಬ್ಬೆಟ್ಟು ರದ್ದಾಗುತ್ತದೆ, ಇವನದನ್ನು ಒತ್ತಿಸಬಹುದು ಎಂದರು.

ಗೋಡೆಯ ಬುಡದವನು ತಲೆ ಎತ್ತಿದ. ಬೆಳಗಿನಿಂದ ಆ ಮುಖದಲ್ಲಿ ಅಷ್ಟು ಕಂಡದ್ದು ಅದೇ ಮೊದಲು. ಮುಖಗಳನ್ನೇ ಓದಲು ಬಾರದ ದಫೇದಾರನಿಗೂ ಅದು ಕಂಡಿತು. ಕಂಡದ್ದರಿಂದಲೇ ಅವನು ನೆಲಕ್ಕೆ ಕೂತ.

“ಟಪ್ಪಾಲಿಗೆ ಹಾಕಿಲ್ಲ ಸ್ವಾಮಿ.”

“ಏನು?”

“ಲಕೋಟೆ. ಟಪ್ಪಾಲಿನೋನಿಗೆ ಕೊಟ್ರೆ ತಡ ಆಗ್ತೈತೆ, ನನ್ನ ಮಾತಿನ ಮೇಲೆ ಮದರಾಸಿನಾಗೆ ಬಾಗಿಲು ತಗೀತಾರೆ ಅಂತ ಜಂಬ ಕೊಚ್ಚಿ, ಆ ಎಡಗಾಲಿನೋನ ಕೈಗೇ ಕೊಟ್ಟೆ. ಇನ್ನೂ ಹೊರಟಿರಲ್ಲ ಅಂತ ಛತ್ರಕ್ಕೆ ಹೋದೆ, ಈಗ ಹಡಗು ಹತ್ತಿರ್ತಾನೆ.” ದೊಡ್ಡೀರಪ್ಪ ಕೈಯಲ್ಲಿದ್ದ ರುಮಾಲನ್ನು ಹಿಂಡುತ್ತಿದ್ದ. ಹೊರಗೆ ಬೋರಕ್ಕನ ಮೊರದ ಸದ್ದು ನಿಂತಿತ್ತು. “ಹೆಂಡ್ತಿ ಮಗಳು ದಾರಿ ಕಾಯ್ತಿರ್ತಾರೆ, ಜಲ್ದಿ ಹೋಗಪ್ಪಾ ಓಬಯ್ಯಾ ಅಂತ ಬೆನ್ನು ತಟ್ಟಿದೆ. ಆ ಬೆನ್ನೂ ಈಗ ನನಗೆ ಗುರುತಿಲ್ಲ.”